ಕೆಲಸ ಬಿಡದೆ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ: ಶಿಕ್ಷಕರು ಅರಿತಿರಬೇಕಾದ ಸಂಗತಿಗಳು

ಬಿ.ಎಡ್. ಮುಗಿಸಿ ಶಾಲೆಗೆ ಸೇರಿ ಹತ್ತು ಹನ್ನೆರಡು ವರ್ಷ ಪಾಠ ಹೇಳಿದ ಶಿಕ್ಷಕರಲ್ಲಿ ಮುಂದೆ ಓದಬೇಕೆಂಬ ಹಂಬಲ ಸಹಜ. ಕೆಲವರಿಗೆ ಬಿ.ಎಡ್. ಕಾಲೇಜಿನಲ್ಲಿ ಉಪನ್ಯಾಸಕರಾಗುವ ಆಸೆ, ಕೆಲವರಿಗೆ ಸಂಶೋಧನೆಯ ಒಲವು. ತರಗತಿಯಲ್ಲಿ ದಿನವೂ ಎದುರಾಗುವ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕೆಂಬ ತವಕ ಇನ್ನು ಕೆಲವರದು. ಆದರೆ ಸಂಸಾರ, ಸಾಲದ ಕಂತು, ಮಕ್ಕಳ ಓದು ಇವುಗಳ ನಡುವೆ ಎರಡು ವರ್ಷ ಸಂಬಳ ಬಿಟ್ಟು ಕಾಲೇಜಿಗೆ ಹೋಗುವುದು ಹೆಚ್ಚಿನವರಿಗೆ ಆಗದ ಮಾತು. ಹೀಗಾಗಿ ಕೆಲಸದಲ್ಲಿದ್ದುಕೊಂಡೇ ಓದುವ ದಾರಿ ಯಾವುದು ಎಂಬ ಪ್ರಶ್ನೆ ಪ್ರತಿವರ್ಷವೂ ಪ್ರವೇಶದ ಕಾಲದಲ್ಲಿ ಏಳುತ್ತದೆ.

ಈ ಪ್ರಶ್ನೆಗೆ ಜಾಹೀರಾತುಗಳು ಕೊಡುವ ಉತ್ತರ ಬಹಳ ಸುಲಭವಾಗಿರುತ್ತದೆ. ನಿಯಮಗಳು ಕೊಡುವ ಉತ್ತರ ಅಷ್ಟು ಸುಲಭವಲ್ಲ. ಹೆಸರಿನಲ್ಲಿ ಒಂದೇ ಎಂಬಂತೆ ತೋರುವ ಎರಡು ಪದವಿಗಳ ನಡುವಿನ ವ್ಯತ್ಯಾಸವನ್ನು ಅರಿಯದೆ ಶುಲ್ಕ ಕಟ್ಟಿದವರು, ನೇಮಕಾತಿಯ ದಾಖಲೆ ಪರಿಶೀಲನೆಯ ಹಂತದಲ್ಲಿ ತಮ್ಮ ಪದವಿ ಆ ಹುದ್ದೆಗೆ ಒದಗುವುದಿಲ್ಲವೆಂದು ತಿಳಿಯಬೇಕಾದೀತು. ಆ ವೇಳೆಗೆ ಹಣವೂ ವರ್ಷಗಳೂ ಕೈಜಾರಿರುತ್ತವೆ.

ಎರಡು ಪದವಿ, ಎರಡು ದಾರಿ

ಶಿಕ್ಷಣ ಕ್ಷೇತ್ರದಲ್ಲಿ ಸ್ನಾತಕೋತ್ತರ ಮಟ್ಟದ ಮುಖ್ಯ ಪದವಿಗಳು ಎರಡು. ಒಂದು ಮಾಸ್ಟರ್ ಆಫ್ ಎಜುಕೇಷನ್, ಅಂದರೆ ಎಂ.ಎಡ್. ಇನ್ನೊಂದು ಶಿಕ್ಷಣವನ್ನು ವಿಷಯವಾಗಿ ಓದುವ ಎಂ.ಎ.

ಎಂ.ಎಡ್. ವೃತ್ತಿಪರ ಪದವಿ. ಶಿಕ್ಷಕರನ್ನು ತಯಾರು ಮಾಡುವ ಶಿಕ್ಷಕರನ್ನು ರೂಪಿಸುವುದು ಇದರ ಮುಖ್ಯ ಉದ್ದೇಶ. ಬಿ.ಎಡ್. ಅಥವಾ ಅದಕ್ಕೆ ಸಮಾನವಾದ ಶಿಕ್ಷಕ ತರಬೇತಿ ಪಡೆದವರಿಗೆ ಮಾತ್ರ ಇದಕ್ಕೆ ಪ್ರವೇಶ. ಈ ಕೋರ್ಸನ್ನು ನಡೆಸುವ ಸಂಸ್ಥೆಯು ವಿಶ್ವವಿದ್ಯಾಲಯದ ಸಂಯೋಜನೆಯ ಜೊತೆಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆಯನ್ನೂ ಪಡೆದಿರಬೇಕು. ಎನ್‌ಸಿಟಿಇ ಎಂದೇ ಪರಿಚಿತವಾದ ಈ ಪರಿಷತ್ತು 1993ರ ಕಾಯ್ದೆಯ ಅನ್ವಯ 1995ರಲ್ಲಿ ಶಾಸನಬದ್ಧ ಸಂಸ್ಥೆಯಾಗಿ ಕೆಲಸ ಆರಂಭಿಸಿತು.

ಎಂ.ಎ. ಶಿಕ್ಷಣವಾದರೋ ಇತಿಹಾಸ, ಸಮಾಜಶಾಸ್ತ್ರಗಳಂತೆ ಒಂದು ಜ್ಞಾನಶಾಖೆಯ ಅಧ್ಯಯನ. ಇದಕ್ಕೆ ಎನ್‌ಸಿಟಿಇ ಮಾನ್ಯತೆ ಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ನಿಯಮಗಳೇ ಇದಕ್ಕೆ ಅನ್ವಯಿಸುತ್ತವೆ. ಯಾವುದೇ ವಿಷಯದ ಪದವೀಧರರಿಗೆ ಇದನ್ನು ಓದಲು ಅವಕಾಶ ನೀಡುವ ವಿಶ್ವವಿದ್ಯಾಲಯಗಳಿವೆ. ಆದರೆ ಈ ಪದವಿಯೊಂದರಿಂದಲೇ ಶಾಲಾ ಶಿಕ್ಷಕರಾಗುವ ಅರ್ಹತೆ ಬರುವುದಿಲ್ಲ. ಅದಕ್ಕೆ ಬಿ.ಎಡ್.ನಂಥ ಶಿಕ್ಷಕ ತರಬೇತಿ ಇದ್ದೇ ತೀರಬೇಕು.

ಅಂಚೆ ಪಾಠಗಳ ಕಾಲ

ಎಂ.ಎಡ್. ಪದವಿ ಭಾರತದಲ್ಲಿ ಮೊದಲು ಆರಂಭವಾದದ್ದು ಬಾಂಬೆ ವಿಶ್ವವಿದ್ಯಾಲಯದಲ್ಲಿ, 1936ರಲ್ಲಿ. ದುಡಿಯುವ ಶಿಕ್ಷಕರ ಓದಿಗೆ ಅನುವು ಮಾಡಿಕೊಡುವ ಪ್ರಯತ್ನಗಳೂ ಹೊಸವಲ್ಲ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಸೇರಿದಂತೆ ದೇಶದ ನಾಲ್ಕು ಪ್ರಾದೇಶಿಕ ಕಾಲೇಜುಗಳು 1966ರಿಂದ ಬೇಸಿಗೆ ಶಾಲೆ ಹಾಗೂ ಅಂಚೆ ಶಿಕ್ಷಣ ಎರಡನ್ನೂ ಕೂಡಿಸಿದ ಬಿ.ಎಡ್. ಕೋರ್ಸನ್ನು ನಡೆಸಿದವು. ತರಬೇತಿಯಿಲ್ಲದೆ ಕೆಲಸಕ್ಕೆ ಸೇರಿದ್ದ ಶಿಕ್ಷಕರು ಬೇಸಿಗೆ ರಜೆಯಲ್ಲಿ ಕಾಲೇಜಿಗೆ ಬಂದು ಕಲಿಯುವುದು, ಉಳಿದ ತಿಂಗಳುಗಳಲ್ಲಿ ತಮ್ಮ ಶಾಲೆಯಲ್ಲಿದ್ದುಕೊಂಡು ಅಂಚೆಯಲ್ಲಿ ಬಂದ ಪಾಠ ಓದುವುದು ಅದರ ಕ್ರಮವಾಗಿತ್ತು. ಶಾಲೆಯ ಕೆಲಸ ಕೆಡದಂತೆ, ಓದೂ ಕೆಡದಂತೆ ರೂಪಿಸಿದ ವ್ಯವಸ್ಥೆ ಅದು.

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ‘ಅಂಚೆ ತೆರಪಿನ ಶಿಕ್ಷಣ’ ಎಂಬ ಮಾತು ರಾಜ್ಯದ ಒಂದು ಇಡೀ ತಲೆಮಾರಿನ ನೌಕರರಿಗೆ ಪರಿಚಿತ. ಕೇಂದ್ರ ಸರ್ಕಾರದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಸ್ಥಾಪನೆಯಾಯಿತು. ಈ ಮುಕ್ತ ವಿಶ್ವವಿದ್ಯಾಲಯಗಳು ಒಂದು ಕಾಲದಲ್ಲಿ ದೂರಶಿಕ್ಷಣದ ಮೂಲಕ ಎಂ.ಎಡ್. ಕೂಡ ನಡೆಸಿದ್ದವು. ಹಿರಿಯ ಶಿಕ್ಷಕರಲ್ಲಿ ಕೆಲವರು ಇಂದಿಗೂ ‘ನಾವು ದೂರಶಿಕ್ಷಣದಲ್ಲೇ ಎಂ.ಎಡ್. ಮಾಡಿದೆವು’ ಎಂದು ಕಿರಿಯರಿಗೆ ಹೇಳುವುದು ಇದೇ ಕಾರಣಕ್ಕೆ. ಅವರ ಮಾತು ಅವರ ಕಾಲಕ್ಕೆ ಸರಿ. ಅನಂತರ ಪರಿಸ್ಥಿತಿ ಬದಲಾಯಿತು.

2014ರ ನಿಯಮಾವಳಿ ತಂದ ಬದಲಾವಣೆ

ಶಿಕ್ಷಕರ ಶಿಕ್ಷಣದ ಗುಣಮಟ್ಟ ಕುಸಿಯುತ್ತಿದೆ ಎಂಬ ಆತಂಕದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ವರದಿ ನೀಡಿತು. ಅದರ ಶಿಫಾರಸುಗಳನ್ನು ಅನುಸರಿಸಿ ಎನ್‌ಸಿಟಿಇ 2014ರ ಕೊನೆಯಲ್ಲಿ ಹೊಸ ನಿಯಮಾವಳಿ ಪ್ರಕಟಿಸಿತು. ಒಂದು ವರ್ಷದ ಬಿ.ಎಡ್. ಮತ್ತು ಎಂ.ಎಡ್. ಕೋರ್ಸುಗಳು 2015-16ರಿಂದ ಎರಡು ವರ್ಷದವಾದವು.

ಆ ನಿಯಮಾವಳಿಯಲ್ಲಿ ಒಟ್ಟು 15 ಕೋರ್ಸುಗಳ ಪಟ್ಟಿಯಿದೆ. ಮುಕ್ತ ಮತ್ತು ದೂರಶಿಕ್ಷಣದಲ್ಲಿ ಡಿ.ಎಲ್.ಎಡ್. ಹಾಗೂ ಬಿ.ಎಡ್.ಗಳಿಗೆ ಅವಕಾಶ ಉಳಿಯಿತು. ಮುಖಾಮುಖಿ ತರಗತಿಗಳ ಅರೆಕಾಲಿಕ ಬಿ.ಎಡ್. ಕೂಡ ಪಟ್ಟಿಯಲ್ಲಿ ಸೇರಿತು. ಆದರೆ ದೂರಶಿಕ್ಷಣದ ಎಂ.ಎಡ್. ಆಗಲಿ, ಅರೆಕಾಲಿಕ ಎಂ.ಎಡ್. ಆಗಲಿ ಆ ಪಟ್ಟಿಯಲ್ಲಿ ಇಲ್ಲ. ಕೆಲಸದಲ್ಲಿರುವ ಶಿಕ್ಷಕರ ಪಾಲಿಗೆ ಬಾಗಿಲು ಮುಚ್ಚಿದ್ದು ಇಲ್ಲಿಯೇ.

ಎಂಬತ್ತೊಂದು ಗಂಟೆಯ ವಾರ

ಪೂರ್ಣಾವಧಿ ಎಂ.ಎಡ್.ಗೆ ಸೇರಿ ಶಾಲೆಯ ಕೆಲಸವನ್ನೂ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿದರೆ ಅದು ಸಾಧ್ಯವಿಲ್ಲ. 2014ರ ನಿಯಮಾವಳಿಯಂತೆ ಎಂ.ಎಡ್. ಕೋರ್ಸಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳಿರಬೇಕು, ಸಂಸ್ಥೆ ವಾರಕ್ಕೆ ಕನಿಷ್ಠ 36 ಗಂಟೆ ನಡೆಯಬೇಕು. ವಿದ್ಯಾರ್ಥಿಗೆ ತರಗತಿಗಳಲ್ಲಿ ಶೇ 80 ಹಾಗೂ ಕ್ಷೇತ್ರಕಾರ್ಯದಲ್ಲಿ ಶೇ 90 ಹಾಜರಾತಿ ಬೇಕು. ಇತ್ತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪಾಠದ ಸಿದ್ಧತೆಯೂ ಸೇರಿ ಶಿಕ್ಷಕರ ವಾರದ ಕೆಲಸವನ್ನು ಕನಿಷ್ಠ 45 ಗಂಟೆ ಎಂದು ನಿಗದಿಪಡಿಸಿದೆ. ಎರಡನ್ನೂ ಕೂಡಿದರೆ ವಾರಕ್ಕೆ 81 ಗಂಟೆ. ಮೇಲಾಗಿ ಶಾಲೆಯೂ ಕಾಲೇಜೂ ನಡೆಯುವುದು ಹಗಲಿನ ಅದೇ ಹೊತ್ತಿನಲ್ಲಿ.

ಈ ಲೆಕ್ಕವನ್ನು ಮರೆಮಾಚುವ ಒಂದು ಅಡ್ಡದಾರಿಯ ಮಾತು ಪ್ರವೇಶದ ಕಾಲದಲ್ಲಿ ಕಿವಿಗೆ ಬೀಳುವುದುಂಟು. ‘ಶುಲ್ಕ ಕಟ್ಟಿ, ಪರೀಕ್ಷೆಗೆ ಬನ್ನಿ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ’ ಎಂಬ ಭರವಸೆ ಅದು. ಇದರಲ್ಲಿರುವ ಅಪಾಯ ಮುಂದೆ ಎದುರಾಗುವಂಥದ್ದು. ಒಂದೇ ದಿನ, ಒಂದೇ ಹೊತ್ತಿನಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲೂ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಸಹಿ ಇದ್ದರೆ ಎರಡರಲ್ಲಿ ಒಂದು ಸುಳ್ಳೆಂಬುದು ಯಾರಿಗಾದರೂ ತಿಳಿಯುತ್ತದೆ. ಸೇವಾ ಪುಸ್ತಕ ಮತ್ತು ಅಂಕಪಟ್ಟಿ ಒಟ್ಟಿಗೆ ಮೇಜಿನ ಮೇಲೆ ಬರುವ ದಿನ ಪದವಿ ಮಾತ್ರವಲ್ಲ, ಇರುವ ಕೆಲಸಕ್ಕೂ ಸಂಚಕಾರ ಬರಬಹುದು. ಭರವಸೆ ಕೊಟ್ಟವರು ಆ ದಿನ ಜೊತೆಗೆ ನಿಲ್ಲುವುದಿಲ್ಲ.

ಕೆಲಸದ ಜೊತೆಗೆ ನಡೆಯುವ ಎಂ.ಎ.

ಕೆಲಸ ಬಿಡಲಾಗದ ಶಿಕ್ಷಕರಿಗೆ ಕ್ರಮಬದ್ಧವಾಗಿ ಉಳಿದಿರುವ ಮುಖ್ಯ ದಾರಿ ದೂರಶಿಕ್ಷಣದ ಎಂ.ಎ. ಇಗ್ನೋದ ಎಂ.ಎ. ಶಿಕ್ಷಣ ಕೋರ್ಸನ್ನು ಉದಾಹರಣೆಯಾಗಿ ನೋಡಬಹುದು. ಇದರ ಕನಿಷ್ಠ ಅವಧಿ ಎರಡು ವರ್ಷ, ಗರಿಷ್ಠ ನಾಲ್ಕು ವರ್ಷ. ಶಿಕ್ಷಣದ ಸ್ವರೂಪ ಮತ್ತು ಉದ್ದೇಶ, ಕಲಿಕೆ ಮತ್ತು ಕಲಿಯುವವರ ಬೆಳವಣಿಗೆ, ಶಿಕ್ಷಣದ ಸಾಮಾಜಿಕ ಸಂದರ್ಭ, ಸಂಶೋಧನಾ ವಿಧಾನ ಮೊದಲಾದವು ಇದರ ಮುಖ್ಯ ಪತ್ರಿಕೆಗಳು. ಉನ್ನತ ಶಿಕ್ಷಣ, ದೂರಶಿಕ್ಷಣ, ಶೈಕ್ಷಣಿಕ ತಂತ್ರಜ್ಞಾನ, ಶೈಕ್ಷಣಿಕ ನಿರ್ವಹಣೆ, ವಯಸ್ಕರ ಶಿಕ್ಷಣ ಇವುಗಳಲ್ಲಿ ಒಂದನ್ನು ವಿಶೇಷ ಅಧ್ಯಯನಕ್ಕೆ ಆರಿಸಿಕೊಳ್ಳಬಹುದು. ಜೊತೆಗೆ ಒಂದು ಕಿರುಪ್ರಬಂಧ ಬರೆಯಬೇಕು. ಮನೆಯಲ್ಲಿ ಬರೆದು ಸಲ್ಲಿಸುವ ಅಸೈನ್‌ಮೆಂಟುಗಳಿಗೂ ಅಂಕಗಳಿವೆ. ಇಗ್ನೋದ ಪ್ರಾದೇಶಿಕ ಕೇಂದ್ರಗಳು ರಾಜ್ಯದಲ್ಲಿ ಬೆಂಗಳೂರು ಮತ್ತು ವಿಜಯಪುರಗಳಲ್ಲಿವೆ.

ಇಲ್ಲಿಯೂ ತೊಡಕುಗಳಿಲ್ಲದಿಲ್ಲ. ಮೊದಲನೆಯದು ಭಾಷೆ. ಈ ಕೋರ್ಸಿನ ಪಠ್ಯ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಕನ್ನಡ ಮಾಧ್ಯಮದಲ್ಲೇ ಓದಿ, ಕನ್ನಡದಲ್ಲೇ ಪಾಠ ಹೇಳುವ ಶಿಕ್ಷಕರಿಗೆ ಮೊದಲ ಆರು ತಿಂಗಳು ಪಠ್ಯಕ್ಕಿಂತ ಭಾಷೆಯೇ ಹೊರೆಯಾಗುತ್ತದೆ. ಎರಡನೆಯದು ಪರೀಕ್ಷೆಯ ಕಾಲ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಕರ್ನಾಟಕದಲ್ಲಿ ಜೂನ್ ಎಂದರೆ ಶಾಲೆ ಆಗಷ್ಟೇ ತೆರೆದು ದಾಖಲಾತಿ, ಪಠ್ಯಪುಸ್ತಕ ವಿತರಣೆಯ ಗಡಿಬಿಡಿ ಇರುವ ತಿಂಗಳು. ಆಗ ರಜೆ ಸಿಗುವುದು ಕಷ್ಟ. ಬೇಸಿಗೆ ರಜೆಯಲ್ಲಿ ಓದಿ ಮುಗಿಸಿ, ಪರೀಕ್ಷೆಯ ದಿನಗಳಿಗೆ ರಜೆಯನ್ನು ಮೊದಲೇ ಕೇಳಿಟ್ಟುಕೊಳ್ಳುವವರಿಗೆ ದಾರಿ ಸುಗಮವಾಗುತ್ತದೆ. ಮೂರನೆಯದು ಕಿರುಪ್ರಬಂಧ. ಪರೀಕ್ಷೆಗಳನ್ನೆಲ್ಲ ಮುಗಿಸಿದವರೂ ಈ ಒಂದನ್ನು ಮುಂದೂಡುತ್ತ ಹೋದರೆ ನಾಲ್ಕು ವರ್ಷದ ಗಡುವು ಹತ್ತಿರವಾಗಿಬಿಡುತ್ತದೆ. ತಮ್ಮದೇ ಶಾಲೆಯ ಸಮಸ್ಯೆಯೊಂದನ್ನು ವಿಷಯವಾಗಿ ಆರಿಸಿಕೊಂಡರೆ ಮಾಹಿತಿಗಾಗಿ ಊರೂರು ಅಲೆಯುವುದು ತಪ್ಪುತ್ತದೆ.

ಪೂರ್ಣ ದೂರಶಿಕ್ಷಣಕ್ಕೂ ಪೂರ್ಣಾವಧಿ ತರಗತಿಗೂ ನಡುವಿನ ಮಾದರಿಯೊಂದನ್ನು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2006ರಲ್ಲಿ ತಂದಿತು. ಪ್ರಾಥಮಿಕ ಶಿಕ್ಷಣದ ಆ ಎಂ.ಎ. ಕೋರ್ಸಿನಲ್ಲಿ ಕೆಲಸದಲ್ಲಿರುವವರು ಕೆಲವು ವಾರ ಸಂಸ್ಥೆಗೆ ಬಂದು ಕಲಿತು, ಉಳಿದ ಕಾಲ ತಮ್ಮ ಊರಿನಿಂದಲೇ ಓದು ಮುಂದುವರಿಸುವ ಏರ್ಪಾಡಿತ್ತು. ಏಕಲವ್ಯ, ದಿಗಂತರ್, ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರಗಳಂಥ ಸಂಸ್ಥೆಗಳು ಅದರಲ್ಲಿ ಕೈಜೋಡಿಸಿದ್ದವು. ಅರವತ್ತರ ದಶಕದ ಮೈಸೂರಿನ ಬೇಸಿಗೆ ಶಾಲೆಯ ತತ್ತ್ವವೇ ಸ್ನಾತಕೋತ್ತರ ಮಟ್ಟದಲ್ಲಿ ಮರಳಿ ಬಂದಂತೆ ಇದು ಕಾಣುತ್ತದೆ.

ಪದವಿಗೆ ಎಲ್ಲಿ ಬೆಲೆ?

ಎಂ.ಎ. ಶಿಕ್ಷಣವು ಎಂ.ಎಡ್.ಗೆ ಸಮಾನವೇ ಎಂಬುದು ಎಲ್ಲರ ಪ್ರಶ್ನೆ. ಎಲ್ಲ ಹುದ್ದೆಗಳಿಗೂ ಒಂದೇ ಉತ್ತರವಿಲ್ಲ.

ಬಿ.ಎಡ್. ಕಾಲೇಜಿನ ಬೋಧಕರ ಅರ್ಹತೆಯನ್ನು 2014ರ ನಿಯಮಾವಳಿ ಎರಡು ಬಗೆಯಾಗಿ ವಿಂಗಡಿಸಿದೆ. ಗಣಿತ, ವಿಜ್ಞಾನ, ಸಮಾಜವಿಜ್ಞಾನ, ಭಾಷೆ ಮುಂತಾದ ಬೋಧನಾ ವಿಷಯಗಳ ಹುದ್ದೆಗೆ ಆಯಾ ವಿಷಯದ ಸ್ನಾತಕೋತ್ತರ ಪದವಿ ಮತ್ತು ಎಂ.ಎಡ್. ಎರಡೂ ಬೇಕು. ಎರಡರಲ್ಲೂ ಶೇ 55 ಅಂಕ ಇರಬೇಕು. ಶಿಕ್ಷಣದ ತತ್ತ್ವ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳನ್ನು ಬೋಧಿಸುವ ಹುದ್ದೆಗಳಿಗೆ ಮಾತ್ರ ಪರ್ಯಾಯವೊಂದಿದೆ. ಶೇ 55 ಅಂಕಗಳ ಎಂ.ಎ. ಶಿಕ್ಷಣ ಮತ್ತು ಶೇ 55 ಅಂಕಗಳ ಬಿ.ಎಡ್. ಇದ್ದರೂ ಅರ್ಹತೆ ದೊರೆಯುತ್ತದೆ.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಬಿ.ಎಡ್. ಕಾಲೇಜಿನಲ್ಲಿ ವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕಿಯಾಗುವ ಆಸೆಯಿಂದ ಎಂ.ಎ. ಶಿಕ್ಷಣಕ್ಕೆ ಸೇರಿದರೆಂದು ಇಟ್ಟುಕೊಳ್ಳೋಣ. ಮೂರು ವರ್ಷ ರಾತ್ರಿ ನಿದ್ದೆಗೆಟ್ಟು ಓದಿ ಒಳ್ಳೆಯ ಅಂಕ ಪಡೆದರೂ ಆ ನಿರ್ದಿಷ್ಟ ಹುದ್ದೆಗೆ ಅವರ ಪದವಿ ಸಾಲದು. ಅದೇ ಪದವಿಯಿಂದ ಶಿಕ್ಷಣದ ತಾತ್ವಿಕ ವಿಷಯಗಳ ಹುದ್ದೆಗೆ ಅವರು ಅರ್ಹರಾಗಬಹುದು. ಸೇರುವ ಮುನ್ನ ಗುರಿ ಯಾವುದೆಂದು ನಿಶ್ಚಯಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ.

ವಿಶ್ವವಿದ್ಯಾಲಯ ಹಾಗೂ ಪದವಿ ಕಾಲೇಜುಗಳ ಶಿಕ್ಷಣ ವಿಷಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಮಾತು ಬೇರೆ. ಉತ್ತರ ಪ್ರದೇಶದ ನೇಮಕಾತಿಯೊಂದರಲ್ಲಿ ಎಂ.ಎ. ಶಿಕ್ಷಣ ಪಡೆದವರು ಎಂ.ಎಡ್. ಪದವೀಧರರ ಅರ್ಹತೆಯನ್ನೇ ಪ್ರಶ್ನಿಸಿದ್ದರು. ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ ಆ ಹುದ್ದೆಗೆ ಎರಡೂ ಪದವಿಯವರು ಅರ್ಹರೆಂಬ ನಿಲುವನ್ನು ಎತ್ತಿಹಿಡಿಯಿತು. ಯುಜಿಸಿಯ ನೆಟ್ ಪರೀಕ್ಷೆಯನ್ನು ಶಿಕ್ಷಣ ವಿಷಯದಲ್ಲಿ ಎರಡೂ ಪದವಿಯವರು ಬರೆಯಬಹುದು. ಇದಕ್ಕೆ ಸಾಮಾನ್ಯ ವರ್ಗದವರಿಗೆ ಶೇ 55 ಅಂಕ ಬೇಕು, ಮೀಸಲು ವರ್ಗಗಳಿಗೆ ಶೇ 50.

ಪಿಎಚ್.ಡಿ. ಬಯಸುವವರಿಗೂ ಅವಕಾಶವಿದೆ. ಯುಜಿಸಿಯ 2022ರ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಅನುಮತಿ ನೀಡಿದೆ. ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗಾಗಿ ಕೆಲಸದಿಂದ ಬಿಡುವು ಪಡೆಯಬೇಕು. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಕೊಡಲು ಅದೇ ನಿಯಮಾವಳಿ ನಿಷೇಧಿಸಿದೆ.

ಮಾನ್ಯತೆ ಕಲಿಸಿದ ಪಾಠ

ಮಾನ್ಯತೆಯ ಪ್ರಶ್ನೆ ಎಷ್ಟು ಗಂಭೀರ ಎಂಬುದನ್ನು ರಾಜ್ಯದ ಜನ ಕಣ್ಣಾರೆ ಕಂಡಿದ್ದಾರೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರಗಳನ್ನು ನಡೆಸಿದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. 2018-19ರ ಸಾಲಿಗೆ ಮಾನ್ಯತೆ ಮರಳಿತು. ಆದರೆ ಆ ನಡುವಿನ ವರ್ಷಗಳಲ್ಲಿ ಪ್ರವೇಶ ಪಡೆದವರು, ತಮ್ಮದಲ್ಲದ ತಪ್ಪಿಗೆ, ಪದವಿಯ ಗತಿಯೇನೆಂಬ ಆತಂಕದಲ್ಲಿ ಕಾಲ ಕಳೆಯಬೇಕಾಯಿತು. ಅವರಲ್ಲಿ ಸರ್ಕಾರಿ ನೌಕರರೂ ಶಿಕ್ಷಕರೂ ಇದ್ದರು.

ಈಗ ಜಾರಿಯಲ್ಲಿರುವ ಯುಜಿಸಿಯ 2020ರ ನಿಯಮಾವಳಿಯಂತೆ ಮಾನ್ಯತೆಯನ್ನು ಸಂಸ್ಥೆಯ ಹೆಸರಿಗಷ್ಟೇ ಅಲ್ಲದೆ ಆಯಾ ಕೋರ್ಸಿಗೂ ಆಯಾ ಪ್ರವೇಶ ಸಾಲಿಗೂ ನೋಡಬೇಕು. ರಾಜ್ಯ ವಿಶ್ವವಿದ್ಯಾಲಯಗಳು ದೂರಶಿಕ್ಷಣವನ್ನು ತಮ್ಮ ವ್ಯಾಪ್ತಿಯೊಳಗೇ ನಡೆಸಬೇಕು. ಖಾಸಗಿಯವರಿಗೆ ಕೇಂದ್ರಗಳನ್ನು ಗುತ್ತಿಗೆ ಕೊಡುವಂತಿಲ್ಲ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಸಾಂಪ್ರದಾಯಿಕ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. 2024ರಿಂದ ದೂರಶಿಕ್ಷಣಕ್ಕೆ ಸೇರುವ ವಿದ್ಯಾರ್ಥಿಗಳು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ತಮ್ಮದೇ ಗುರುತಿನ ಸಂಖ್ಯೆ ಪಡೆಯಬೇಕಾದ್ದರಿಂದ, ಮಾನ್ಯತೆಯಿಲ್ಲದ ಕೋರ್ಸಿಗೆ ತಿಳಿಯದೆ ಸೇರುವ ಸಂಭವವೂ ಕಡಿಮೆಯಾಗಿದೆ.

ಇಲಾಖೆಯ ಅನುಮತಿ

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಶಿಕ್ಷಕರು ಪ್ರವೇಶಕ್ಕೆ ಮೊದಲೇ ಸಂಬಂಧಪಟ್ಟ ಪ್ರಾಧಿಕಾರದಿಂದ ಲಿಖಿತ ಅನುಮತಿ ಪಡೆಯುವುದು ಕ್ಷೇಮ. ಮುಖ್ಯೋಪಾಧ್ಯಾಯರ ಬಾಯಿಮಾತಿನ ಒಪ್ಪಿಗೆ ಅವರು ವರ್ಗವಾಗಿ ಹೋದ ದಿನವೇ ಇಲ್ಲವಾಗುತ್ತದೆ. ಅನುಮತಿ ಪತ್ರದ ಪ್ರತಿ, ಪ್ರವೇಶದ ರಸೀದಿ, ಪರೀಕ್ಷೆಗೆ ಪಡೆದ ರಜೆಯ ಆದೇಶ ಇವುಗಳನ್ನು ಜೋಪಾನವಾಗಿಟ್ಟು, ಪದವಿ ದೊರೆತ ಕೂಡಲೇ ಸೇವಾ ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು. ಪೂರ್ಣಾವಧಿ ಎಂ.ಎಡ್. ಅನ್ನೇ ಬಯಸುವವರಿಗೆ ವ್ಯಾಸಂಗ ರಜೆ ಅಥವಾ ನಿಯೋಜನೆಯೇ ನೇರವಾದ ದಾರಿ. ಅವು ಎಲ್ಲರಿಗೂ ಸಿಗುವುದಿಲ್ಲವೆಂಬುದು ನಿಜ. ಸಿಕ್ಕಾಗ ಮಾತ್ರ ಹಾಜರಾತಿಯ ಭಯವಿಲ್ಲದೆ ಓದಬಹುದು.

ಬಾಗಿಲು ಮತ್ತೆ ತೆರೆಯುವುದೇ?

ಎನ್‌ಸಿಟಿಇ 2025ರ ಫೆಬ್ರವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಹೊಸ ನಿಯಮಾವಳಿಯ ಕರಡನ್ನು ಪ್ರಕಟಿಸಿತು. ಒಂದು ವರ್ಷದ ಪೂರ್ಣಾವಧಿ ಎಂ.ಎಡ್. ಜೊತೆಗೆ, ಕೆಲಸದಲ್ಲಿರುವ ಶಿಕ್ಷಕರು ಮತ್ತು ಶಿಕ್ಷಣ ಆಡಳಿತಗಾರರಿಗಾಗಿ ಎರಡು ವರ್ಷದ ಅರೆಕಾಲಿಕ ಎಂ.ಎಡ್. ಪ್ರಸ್ತಾವ ಅದರಲ್ಲಿದೆ. 2014ರಲ್ಲಿ ಪಟ್ಟಿಯಿಂದ ಹೊರಗುಳಿದವರ ಬೇಡಿಕೆಗೆ ಇದು ಉತ್ತರವಾಗಬಲ್ಲದು.

ಆದರೆ ಕರಡು ನಿಯಮವಲ್ಲ. ಕರಡಿನ ಮಾತು ಅಂತಿಮ ಅಧಿಸೂಚನೆಯಾಗಬೇಕು, ವಿಶ್ವವಿದ್ಯಾಲಯ ಪಠ್ಯಕ್ರಮ ರೂಪಿಸಬೇಕು, ಸೇರಬಯಸುವ ಕಾಲೇಜು ಆ ಕೋರ್ಸಿಗೆ ಪ್ರತ್ಯೇಕ ಮಾನ್ಯತಾ ಆದೇಶ ಪಡೆಯಬೇಕು. ಈ ಮೂರೂ ಕಾಗದಗಳನ್ನು ತೋರಿಸದೆ ‘ಅರೆಕಾಲಿಕ ಎಂ.ಎಡ್. ಬಂದಿದೆ’ ಎಂದು ಮುಂಗಡ ಕೇಳುವವರಿಂದ ದೂರವಿರುವುದು ಒಳ್ಳೆಯದು.

ಪ್ರವೇಶಕ್ಕೆ ಮುನ್ನ ಶಿಕ್ಷಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ತಾವು ಬಯಸುವ ಹುದ್ದೆಯ ನೇಮಕಾತಿ ನಿಯಮ ಎಂ.ಎಡ್. ಕೇಳುತ್ತದೆಯೇ ಅಥವಾ ಎಂ.ಎ. ಸಾಕೇ? ಆ ಕೋರ್ಸಿಗೆ ಆ ಸಾಲಿನಲ್ಲಿ ಮಾನ್ಯತೆ ಇದೆಯೇ? ಇಲಾಖೆಯ ಅನುಮತಿ ಕೈಯಲ್ಲಿದೆಯೇ? ಕೇಳುವ ಹಾಜರಾತಿಯನ್ನು ಶಾಲೆಯ ಕೆಲಸಕ್ಕೆ ಚ್ಯುತಿ ಬಾರದಂತೆ ನಿಜವಾಗಿ ಕೊಡಲು ಸಾಧ್ಯವೇ? ನಾಲ್ಕಕ್ಕೂ ಕಾಗದದ ಮೇಲಿನ ಉತ್ತರ ಸಿಕ್ಕ ಮೇಲೆ ಶುಲ್ಕ ಕಟ್ಟಿದರೆ ಓದಿನ ಶ್ರಮ ವ್ಯರ್ಥವಾಗದು. ಶಿಕ್ಷಕರು ಓದಿದರೆ ಅದರ ಫಲ ಮೊದಲು ಸಿಗುವುದು ಅವರ ತರಗತಿಯ ಮಕ್ಕಳಿಗೆ. ಆ ಓದು ಮಕ್ಕಳ ಪಾಠದ ಹೊತ್ತನ್ನು ಕಸಿದುಕೊಳ್ಳದಂತೆ ನಡೆಯಬೇಕೆಂಬುದೇ ನಿಯಮಗಳ ಆಶಯ.